ಪೀಠವಿಲ್ಲದ ಹಲಗೆ

“ಕೇಳಿರಿ, ಕೇಳಿರಿ, ತಿಯೋ ಕುಲದ ಗಂಡಸರೆಲ್ಲ ಕೇಳಿರಿ! ಯಜಮಾನರಿಗೆ ಗಂಡುಸಂತಾನವಿಲ್ಲ. ಅವರ ಮೂರು ಒಗಟು ಬಿಡಿಸಿದವನಿಗೆ ಕುಲಮನೆಯ ಬೀಗದ ಕೈ, ಯಜಮಾನಿಕೆ ಎರಡೂ ಸಲ್ಲುತ್ತವೆ. ತಪ್ಪು ಹೇಳಿದವನ ಹೆಸರು ಕುಲದಿಂದ ಅಳಿಯುತ್ತದೆ. ಅವನ ತಂದೆತಾಯಿಯರ ಹಲಗೆಗಳು ಹೊಳೆಗೆ ಬೀಳುತ್ತವೆ!”

ಚೀನಾ ದೇಶದ ತೆಂಕಣ ಕಡಲತೀರದ ಊರೊಂದರಲ್ಲಿ ಹೀಗೆ ಜಾಗಟೆ ಬಡಿದು ಸಾರಿದರು. ನಮಗೆ ಇದು ಸಣ್ಣ ಶಿಕ್ಷೆ ಅನ್ನಿಸೀತು. ಆ ಜನ ಮಾತ್ರ ತಲೆ ಹೋದರೂ ಹಲಗೆ ಹೋಗಬಾರದು ಅನ್ನುವವರು. ಹೆಸರು ಕೆತ್ತಿದ ಗೇಣುದ್ದದ ಮರದ ಹಲಗೆಯಲ್ಲೇ ಸತ್ತವರ ಜೀವ ಕೂತಿರುತ್ತದೆಂದು ಅವರ ನಂಬಿಕೆ. ಹಲಗೆ ಕುಲಮನೆಯ ಪೀಠದ ಮೇಲಿದ್ದರೆ ಧೂಪ ಉಂಟು, ಅನ್ನ ಉಂಟು. ಇಲ್ಲದಿದ್ದರೆ ಸತ್ತವರು ಹಸಿದ ಪಿಶಾಚಿಗಳಾಗಿ ಬೀದಿ ಅಲೆಯಬೇಕು.

ಜಾಗಟೆಯ ಸದ್ದು ಹೊಳೆಯಂಚಿನಲ್ಲಿ ಬಾತುಕೋಳಿ ಮೇಯಿಸುತ್ತಿದ್ದ ಅದೇ ಕುಲದ ಬೆಂಗನ ಕಿವಿಗೂ ಬಿತ್ತು. ಅಪ್ಪ ಅಮ್ಮ ತೀರಿಕೊಂಡಾಗ ಅವನಿನ್ನೂ ಅಂಬೆಗಾಲಿಡುತ್ತಿದ್ದ. ಅಕ್ಕ ಸಿಯೂಲಾನ್ ತನಗೆ ಬಂದ ಗಂಡುಗಳನ್ನೆಲ್ಲ ವಾಪಸು ಕಳಿಸಿ ತಮ್ಮನನ್ನು ಸಾಕಿದಳು. ಹೋದ ಚಳಿಗಾಲ ಜ್ವರ ಬಂದು ಅವಳೂ ಹೋದಳು. ಅವಳ ಹಲಗೆ ಹಿಡಿದು ಕುಲಮನೆಗೆ ಹೋದರೆ ಹಿರಿಯರು ಮೂಗು ಮುರಿದರು. ಮದುವೆಯಾದವಳಿಗೆ ಗಂಡನ ಮನೆಯ ಪೀಠ; ಆಗದೆ ಸತ್ತವಳಿಗೆ ತವರಿನ ಪೀಠವೂ ಇಲ್ಲ. ಹಲಗೆಯನ್ನು ಅಲ್ಲಿನ ಅಡುಗೆಮನೆಯ ಹಿಂದೆ, ಸೌದೆ ಕೊಟ್ಟಿಗೆಗೆ ಎಸೆದರು.

ಒಗಟಿನ ದಿನ ಬೆಂಗ್ ಮೊದಲು ಹೋದದ್ದು ಆ ಕೊಟ್ಟಿಗೆಗೇ. ಅಕ್ಕನ ಹೆಸರಿನ ಮೇಲೆ ಕೋಳಿ ಹಿಕ್ಕೆ ಒಣಗಿತ್ತು. ಉಗುರಿನಿಂದ ಕೆರೆದು, ಅಂಗಿಯಿಂದ ಒರೆಸಿದ. “ಇವತ್ತು ನಿನ್ನನ್ನ ಒಳಗೆ ಕರ್ಕೊಂಡು ಹೋಗ್ತೀನಿ ಅಕ್ಕ. ಇಲ್ಲಾಂದ್ರೆ ಅಪ್ಪ ಅಮ್ಮನೂ ಹೊರಗೆ ಬರ್ತಾರೆ,” ಎಂದ.

ಕುಲಮನೆಯ ಒಳಗೆ ಕಾಲಿಟ್ಟ. ಮೇಲೆ ಥಳಕು, ಒಳಗೆ ಹುಳುಕು ಅಂತಾರಲ್ಲ, ಹಾಗೆ. ಕಂಬಕ್ಕೆ ಸುತ್ತಿದ ಕಲ್ಲಿನ ಡ್ರ್ಯಾಗನ್‌ಗಳು, ತೊಲೆಗಳಿಗೆ ಚಿನ್ನದ ರೇಕು. ಕೆಳಗೆ ಪೀಠದ ಮುಂದೆ ನಿನ್ನೆ ಸುಟ್ಟಿಟ್ಟ ಇಡೀ ಹಂದಿ, ಸೆಕೆಗೆ ಜಿಡ್ಡು ಸುರಿಸುತ್ತ ನಾರುತ್ತಿತ್ತು. ಯಜಮಾನಿಕೆಗೆ ಬಂದವರು ಎಡೆಯಿಂದಲೇ ಒಂದೊಂದು ತುಂಡು ಕಿತ್ತು ಜಗಿದು, ಜಿಡ್ಡು ಕೈಯನ್ನು ಪೀಠದ ಕೆಂಪು ಬಟ್ಟೆಗೆ ಒರೆಸುತ್ತಿದ್ದರು. ಥೂ!

ಯಜಮಾನ ತಿಯೋ ಹಾಕ್ ಉದ್ದ ತೋಳಿನ ನಿಲುವಂಗಿಯಲ್ಲಿ ಕೂತು ಕೇಳಿದ: “ಹಿರಿಯರಿಗೆ ಬಡಿಸಿದ್ದನ್ನು ಹಿರಿಯರಿಗಿಂತ ಮೊದಲು ಉಣ್ಣುತ್ತಾನೆ. ಕಾಲು ತೊಳೆಯುವವನಲ್ಲ, ಕೈ ಉಜ್ಜುವುದನ್ನು ಬಿಡುವವನಲ್ಲ. ಯಾರವನು?”

“ಮಂತ್ರ ಹೇಳೋ ಪೂಜಾರಿ!” ಎಂದು ಅಕ್ಕಿ ಮಂಡಿಯ ಮಾಲೀಕ ನುಗ್ಗಿದ. ತಪ್ಪು. ಆಳುಗಳು ಅವನ ತಂದೆತಾಯಿಯರ ಹಲಗೆಗಳನ್ನು ಇಳಿಸಿದರು. ಅವನೋ ನೆಲಕ್ಕೆ ಬಿದ್ದು, “ಅಪ್ಪ ಅಮ್ಮನ್ನ ಬೇಕಾದ್ರೆ ಒಯ್ಯಿರಿ, ನನ್ನ ಹೆಸರೊಂದು ಉಳಿಸಿ!” ಎಂದು ಗೋಳಾಡಿದ.

ಬೆಂಗನಿಗೆ ಹಂದಿಗಿಂತ ಈ ಮನುಷ್ಯನೇ ಹೆಚ್ಚು ನಾರಿದಂತಾಯಿತು. “ನೊಣ, ಅಜ್ಜ,” ಎಂದ. “ಹಂದಿಯ ಕಣ್ಣ ಮೇಲೆ ಕೂತು ಕೈ ಉಜ್ಜುತಾ ಇದೆ ನೋಡಿ. ಓಡಿಸೋರು ಒಬ್ಬರೂ ಇಲ್ಲ.”

ಯಜಮಾನ ನಕ್ಕು ಎರಡನೆಯದನ್ನು ಕೇಳಿದ: “ಈ ಮನೆಗೆ ದೊರೆ ಬರಲಿ, ಕಳ್ಳ ಬರಲಿ, ಒಬ್ಬನ ಮುಂದೆ ತಲೆ ತಗ್ಗಿಸಿಯೇ ಬರಬೇಕು. ಅವನನ್ನು ತುಳಿದರೆ ಪಾಪ, ದಾಟಿದರೆ ಮರ್ಯಾದೆ. ಯಾರು?”

ಹಡಗುಗಳ ಒಡೆಯನೊಬ್ಬ ಬಾಯಲ್ಲೇ ಬೆಣ್ಣೆ ಹಚ್ಚಿದ: “ಇನ್ಯಾರು ದೊಡ್ಡಪ್ಪ, ನೀವೇ!”

“ನನ್ನನ್ನು ದಾಟಿದರೆ ಮರ್ಯಾದೆಯೇನಯ್ಯ?” ಎಂದು ಯಜಮಾನ ಅವನ ಹಲಗೆಗಳನ್ನೂ ಇಳಿಸಿದ.

“ಹೊಸಿಲು,” ಎಂದ ಬೆಂಗ್. “ಮೊಣಕಾಲೆತ್ತರ ಇದೆ. ಕೆಳಗೆ ನೋಡದೆ ಬಂದರೆ ಎಂಥ ದೊರೆಯಾದರೂ ಮುಗ್ಗರಿಸ್ತಾನೆ.”

ಮೂರನೆಯದಕ್ಕೆ ಮುದುಕನ ದನಿ ಇಳಿಯಿತು. “ಈ ಮನೆಯಲ್ಲೇ ಹುಟ್ಟಿದ್ದು, ಈ ಮನೆಯಲ್ಲೇ ಸತ್ತದ್ದು. ಆದರೂ ಈ ಮನೆಗೆ ಸೇರಿದ್ದಲ್ಲ. ಏನದು?”

ಹೊಳೆಗೆ ಹೊರಟ ಹಲಗೆಗಳನ್ನು ಕಂಡು ಉಳಿದವರೆಲ್ಲ ಒಂದೊಂದೇ ಹೆಜ್ಜೆ ಹಿಂದೆ ಸರಿದರು. ಬೆಂಗನಿಗೆ ಯೋಚಿಸಬೇಕಾಗಿಯೇ ಇರಲಿಲ್ಲ. ಅವನ ಉಗುರಿನಲ್ಲಿ ಇನ್ನೂ ಕೋಳಿ ಹಿಕ್ಕೆಯಿತ್ತು.

“ಮದುವೆಯಾಗದೆ ಸತ್ತ ಮಗಳು,” ಎಂದ. “ಬದುಕಿದ್ದಾಗ ಅವಳ ಕೈಯಡುಗೆ ಉಂಡಿರಿ. ಸತ್ತ ಮೇಲೆ ಒಂದು ಹಿಡಿ ಅನ್ನ ಹಾಕಿ ಅಂದ್ರೆ ನಿಮಗೆ ಕಟ್ಟಳೆ ನೆನಪಾಯ್ತು. ನಿಮ್ಮನ್ನ ನೋಡಿದರೆ ಹೇಸಿಗೆ ಆಗುತ್ತೆ.”

ಮುದುಕ ಬೀಗದ ಕೈ ಕೊಟ್ಟ. ಬೆಂಗ್ ಯಜಮಾನನಾಗಿ ಆಡಿದ ಮೊದಲ ಮಾತು ಇದು: “ಆ ಎರಡು ಮನೆಯ ಹಲಗೆಗಳನ್ನ ವಾಪಸು ತನ್ನಿ, ಮಕ್ಕಳ ತಪ್ಪಿಗೆ ಸತ್ತವರು ಮುಳುಗೋದು ಬೇಡ. ಹೆಣ್ಣುಮಕ್ಕಳ ಹಲಗೆಗಳನ್ನೂ ಒಳಗೆ ತನ್ನಿ.”

ಗಂಡಸರು ಗೊಣಗಿದರು. ಹೆಂಗಸರು ಕಾಯಲಿಲ್ಲ. ಅಕ್ಕಿ ಡಬ್ಬಿಯ ತಳದಿಂದ, ಮಂಚದ ಅಡಿಯಿಂದ, ಬಚ್ಚಲ ಮೂಲೆಯಿಂದ ಸೆರಗಿಲ್ಲದ ಉಡುಪಿನ ಆ ಊರ ತಾಯಂದಿರು, ಬಚ್ಚಿಟ್ಟಿದ್ದ ಹಲಗೆಗಳನ್ನು ಅಂಗಿಯಲ್ಲಿ ಮುಚ್ಚಿಕೊಂಡು ತಂದರು. ಅವೆಷ್ಟೋ! ಬೆಂಗ್ ಪೀಠದ ನಡುವೆ ಅಕ್ಕನನ್ನು ಕೂರಿಸಿ, ಸುತ್ತ ಆ ಹೆಣ್ಣುಮಕ್ಕಳನ್ನೆಲ್ಲ ಕೂರಿಸಿದ.

ಎಲ್ಲರ ನಂತರ ಹಳೆಯ ಯಜಮಾನ ಬಂದ. ನಿಲುವಂಗಿಯ ತೋಳಿನೊಳಗಿಂದ, ಮುಟ್ಟಿ ಮುಟ್ಟಿ ನುಣುಪಾದ ಒಂದು ಹಲಗೆ ತೆಗೆದ.

“ನನ್ನ ಮಗಳು,” ಎಂದ. “ಯಾರಾದರೂ ಇದನ್ನ ಬಾಯಿಬಿಟ್ಟು ಹೇಳಲಿ ಅಂತಲೇ ಒಗಟು ಕಟ್ಟಿದೆ ಮಗಾ.”

“ಬೀಗದ ಕೈ ನಿಮ್ಮ ಹತ್ತಿರವೇ ಇತ್ತಲ್ಲ ಅಜ್ಜ?”

“ಜನ ಏನಂದಾರು ಅಂತ...”

ಬೆಂಗನ ಬಾಯಿ ತುಂಬ ಉಗುಳು ಬಂತು. ನುಂಗಿಕೊಂಡ. ಹುಡುಗಿಯದೇನು ತಪ್ಪು? ಮುದುಕನ ಬೆರಳು ತಾಗದ ಹಾಗೆ ಹಲಗೆ ತೆಗೆದುಕೊಂಡು ಅಕ್ಕನ ಪಕ್ಕದಲ್ಲಿಟ್ಟ.

ಆಮೇಲೆ ಹಂದಿಯನ್ನು ಹೊರಗೆ ಎಸೆಸಿ, ಪೀಠ ತೊಳೆಸಿ, ಬಿಸಿ ಅನ್ನ ಬಡಿಸಿದ. ಎಲ್ಲಿಂದಲೋ ನೊಣ ಬಂತು. ಕುಲದ ಹೊಸ ಯಜಮಾನ ಬೀಸಣಿಗೆ ತೆಗೆದುಕೊಂಡು, ಅಕ್ಕ ಉಂಡೇಳುವವರೆಗೂ ನೊಣ ಓಡಿಸುತ್ತ ನಿಂತ.