ಒಂದು ಪಾಯಿಂಟಿಗೆ ಒಂಬತ್ತು ಮೈಲಿ

ಇದ್ದೂ ಇಲ್ಲದಂಥ ಒಂದು ಊರಿನಲ್ಲಿ, ಆಗಿಯೂ ಆಗದಂಥ ಒಂದು ಕಾಲದಲ್ಲಿ ನಡೆದ ಕತೆ ಇದು. ಸ್ವಲ್ಪ ಹತ್ತಿರ ಬಂದು ಕೂತ್ಕೊಳ್ಳಿ. ನಾಚಿಕೆಯ ಕತೆ, ಗಟ್ಟಿಯಾಗಿ ಹೇಳೋಕೆ ಬರಲ್ಲ.

ಆ ಊರಿಗೊಬ್ಬ ರಾಜ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ. ಊಟ ಆದಮೇಲೆ ಒಂದು ತೇಗು ಬರಬೇಕು, ಅಷ್ಟೇ. ಬರುತ್ತಿರಲಿಲ್ಲ. ಒಂದು ಮಧ್ಯಾಹ್ನ ಅಂಗಡಿ ಬೀದಿಯಲ್ಲಿ ಯಾರೋ ಕಾರ್ಡು ಉಜ್ಜಿದರು. ಮೆಷೀನು 'ಟುಂಯ್' ಅಂತು. ಅರಮನೆಯಲ್ಲಿ ರಾಜನಿಗೆ ತೇಗು ಬಂತು. ಇನ್ನೊಂದು ಟುಂಯ್, ಇನ್ನೊಂದು ತೇಗು. ರಾಜನ ಕಣ್ಣಲ್ಲಿ ನೀರು ಬಂತು.

ಮಾರನೇ ದಿನವೇ ಮನೆಗೊಂದು ಕಾರ್ಡು ಹಂಚಿದರು. ಸುಮ್ಮಸುಮ್ಮನೆ ಉಜ್ಜಿ ಅಂದರೆ ಜನ ಉಜ್ಜುತ್ತಾರೆಯೇ? ಅದಕ್ಕೆ ಮಂತ್ರಿ ಡಂಗುರ ಹೊಡೆಸಿದ. ಒಂದು ಟುಂಯ್‌ಗೆ ಒಂದು ಪಾಯಿಂಟು. ಪಾಯಿಂಟನ್ನು ವಿಮಾನ ಕಂಪನಿಗೆ ಕೊಟ್ಟರೆ ಮೈಲಿ. ಮೈಲಿ ಇದ್ದವರಿಗೆ ಆಕಾಶದಲ್ಲಿ ಪ್ರಯಾಣ. ಆ ಊರಿನಲ್ಲಿ ವಿಮಾನ ಕಂಪನಿ ನಡೆಸುತ್ತಿದ್ದದ್ದು ಹಕ್ಕಿಗಳು. ಮನುಷ್ಯರಿಗೆ ಹಾರಲು ಬರುವುದಿಲ್ಲವಲ್ಲ, ಅದಕ್ಕೆ.

ಆ ಊರಲ್ಲಿ ಬೋರಲಿಂಗಯ್ಯ ಅಂತ ಒಬ್ಬನಿದ್ದ. ಅಂಗಿಗೆ ಕಾಜಾ ಹೊಲಿಯುವುದು ಅವನ ಕೆಲಸ. ಅಂಗಿ ಹೊಲಿಯುವವರು ಬೇರೆ, ಗುಂಡಿ ಹಚ್ಚುವವರು ಬೇರೆ. ಗುಂಡಿ ತೂರುವ ಆ ತೂತು ಮಾತ್ರ ಇವನದು. ಹೆಂಡತಿ ಹೊಂಬಾಳಮ್ಮ. ಹೊಂಬಾಳಮ್ಮನ ಅಕ್ಕ ಸಾಕಮ್ಮನನ್ನು ಏಳು ಗುಡ್ಡದ ಆಚೆ ಕೊಟ್ಟಿದ್ದರು. ಅಕ್ಕತಂಗಿ ಮುಖ ನೋಡಿ ಹನ್ನೆರಡು ವರ್ಷ ಆಗಿತ್ತು.

ಆಷಾಢದಲ್ಲಿ ಅಕ್ಕನ ಕಾಗದ ಬಂತು. ಎರಡೇ ಸಾಲು. 'ಕಣ್ಣು ಮಂಜಾಗುತ್ತಾ ಇದೆ. ಪೂರ್ತಿ ಹೋಗೋ ಮೊದಲು ಒಂದು ಸಲ ನಿನ್ನ ಮುಖ ತೋರಿಸಿ ಹೋಗು.'

ಹೊಂಬಾಳಮ್ಮ ಸೆರಗಲ್ಲಿ ಕಣ್ಣೊರೆಸಿಕೊಂಡು, "ರೀ, ನಾಳೆನೇ ಹೊರಡ್ತೀನಿ. ನಡಕೊಂಡೇ ಹೋಗ್ತೀನಿ" ಅಂದಳು.

"ನೀನು ಯಾಕೆ ನಡೀತೀಯ?" ಅಂದ ಬೋರಲಿಂಗಯ್ಯ. "ಪಾಯಿಂಟು ಇದೆಯಲ್ಲ. ಹಾರಿಸಿಕೊಂಡು ಹೋಗ್ತೀನಿ ನಿನ್ನ. ಒಂದು ಪೈಸೆ ಖರ್ಚಿಲ್ಲ."

ಈ ಮಾತು ಅವನು ಪ್ರೀತಿಯಿಂದಲೇ ಆಡಿದ. ಅದನ್ನು ಮರೀಬೇಡಿ.

ಕೊಕ್ಕರೆ ಕಂಪನಿಯಲ್ಲಿ ವಿಚಾರಿಸಿದ. ಕೊಕ್ಕರೆ ಒಂಟಿ ಕಾಲಲ್ಲಿ ನಿಂತು ಲೆಕ್ಕ ಹಾಕಿತು. "ಏಳು ಗುಡ್ಡದ ಆಚೆಗೆ ನಲವತ್ತು ಸಾವಿರ ಮೈಲಿ. ಒಂದು ಪಾಯಿಂಟಿಗೆ ಒಂದು ಮೈಲಿ ಕೊಡ್ತೀವಿ."

ಬೋರಲಿಂಗಯ್ಯ ಪಾಯಿಂಟು ಕೂಡಿಸಲು ಕೂತ. ಅವನ ಕಾರ್ಡಿಗೆ ಬಾಯಿತ್ತು. ಜೇಬಿನೊಳಗಿಂದ ಮೆಲ್ಲಗೆ ಮಾತಾಡುತ್ತಿತ್ತು. "ಉಜ್ಜಣ್ಣ, ಉಜ್ಜು" ಅನ್ನುತ್ತಿತ್ತು. ಅವನು ಉಜ್ಜಿದ. ಒಂದು ಸೇರು ಸಾಸಿವೆ ಕೊಂಡರೆ ಒಂದೇ ಟುಂಯ್. ಅದೇ ಒಂದೊಂದೇ ಕಾಳು ಕೊಂಡರೆ? ಅವನು ಒಂದೊಂದೇ ಕಾಳು ಕೊಂಡ. ಟುಂಯ್, ಒಂದು ಕಾಳು. ಟುಂಯ್, ಇನ್ನೊಂದು ಕಾಳು. ಹಿಂದೆ ನಿಂತವರು ಮೊದಲು ಬೈದರು. ಆಮೇಲೆ ಯೋಚನೆ ಮಾಡಿದರು. ಆಮೇಲೆ ಅವರೂ ಒಂದೊಂದೇ ಕಾಳು ಕೊಂಡರು. ಊರಲ್ಲಿ ಒಂದು ಒಗ್ಗರಣೆಗೆ ಮೂರು ದಿನ ಹಿಡಿಯುತ್ತಿತ್ತು. ಅರಮನೆಯಲ್ಲಿ ತೇಗಿನ ಮೇಲೆ ತೇಗು.

ಗೌರಿ ಹಬ್ಬದ ಹೊತ್ತಿಗೆ ನಲವತ್ತು ಸಾವಿರ ಪಾಯಿಂಟು ಆಯಿತು. ಹೊಂಬಾಳಮ್ಮ ಚಕ್ಕುಲಿ ಕರಿದು ಗಂಟು ಕಟ್ಟಿದಳು.

"ಆಯ್ತಲ್ಲ ರೀ, ಹೊರಡೋಣ."

"ಈಗಲೇ ಕೊಟ್ಟುಬಿಡೋದಾ? ದೀಪಾವಳಿಗೆ ಬೋನಸ್ ಇರುತ್ತೆ. ಒಂದಕ್ಕೆ ಒಂದೂಕಾಲು ಮಾಡ್ತಾರೆ. ಅಷ್ಟರಲ್ಲಿ ಇನ್ನಷ್ಟು ಪಾಯಿಂಟೂ ಸೇರುತ್ತೆ. ಮಿಕ್ಕಿದ ಮೈಲಿಯಲ್ಲಿ ಅತ್ತಿಗೇನ ಇಲ್ಲಿಗೆ ಕರಕೊಂಡು ಬರಬಹುದು."

"ಅಕ್ಕನ ಕಣ್ಣು ದೀಪಾವಳಿವರೆಗೆ ಕಾಯುತ್ತಾ?"

"ಎರಡು ತಿಂಗಳು ತಾನೇ" ಅಂದ.

ಚಕ್ಕುಲಿಯನ್ನು ಅವರೇ ತಿಂದರು.

ದೀಪಾವಳಿ ಬಂತು. ಬೋನಸ್ ಬರಲಿಲ್ಲ. ಕೊಕ್ಕರೆ ಈ ಸಲ ಇನ್ನೊಂದು ಕಾಲಲ್ಲಿ ನಿಂತು, "ಏಳು ಗುಡ್ಡದ ಆಚೆಗೆ ಅರವತ್ತು ಸಾವಿರ ಮೈಲಿ" ಅಂತು.

"ನಲವತ್ತು ಇತ್ತಲ್ಲ?"

"ಗುಡ್ಡ ಬೆಳೆದಿದೆ."

ಗುಡ್ಡ ಬೆಳೆದರೆ ಯಾರನ್ನು ಕೇಳುವುದು? ಬೋರಲಿಂಗಯ್ಯ ಮತ್ತೆ ಸಾಸಿವೆ ಕೊಂಡ. ಸಾಸಿವೆ ಇಡಲು ಡಬ್ಬಿ ಕೊಂಡ. ಡಬ್ಬಿಯನ್ನೂ ಬಿಡಿಬಿಡಿಯಾಗಿ ಕೊಂಡ, ಮೊದಲು ಮುಚ್ಚಳ, ಆಮೇಲೆ ತಳ. ಸಂಕ್ರಾಂತಿಗೆ ಅರವತ್ತು ಸಾವಿರ ಆಯಿತು. ಹೊಂಬಾಳಮ್ಮ ಎಳ್ಳುಬೆಲ್ಲ ಕಟ್ಟಿಕೊಂಡು ಬಾಗಿಲಲ್ಲಿ ನಿಂತಳು. ಅಷ್ಟರಲ್ಲಿ ಗರುಡ ಕಂಪನಿಯವರು ಒಂದಕ್ಕೆ ಒಂದೂವರೆ ಕೊಡುತ್ತಾರಂತೆ ಅಂತ ಸುದ್ದಿ ಬಂತು. ಬೋರಲಿಂಗಯ್ಯ ಅಲ್ಲಿಗೆ ಓಡಿದ.

"ಸೀಟು ಇದೆ" ಅಂತು ಗರುಡ. "ಮೂವತ್ತೆರಡನೇ ತಾರೀಕು ಖಾಲಿ ಇದೆ."

"ಯಾವ ತಿಂಗಳು?"

"ಯಾವ ತಿಂಗಳಾದರೂ ಸರಿ."

ಅವನು ಮನೆಗೆ ಬಂದು ಕ್ಯಾಲೆಂಡರಿನಲ್ಲಿ ಮೂರು ತಿಂಗಳ ಹಾಳೆ ತಿರುವಿ ನೋಡಿದ. ಮೂವತ್ತೆರಡು ಬರಲೇ ಇಲ್ಲ. ಎಳ್ಳುಬೆಲ್ಲವನ್ನೂ ಅವರೇ ತಿಂದರು. ಹೊಂಬಾಳಮ್ಮ ಏನೂ ಅನ್ನಲಿಲ್ಲ. ಅವಳು ಏನೂ ಅನ್ನದೆ ಇದ್ದದ್ದು ಅವನಿಗೆ ಸಮಾಧಾನವಾಯಿತು. ಈಗ ಅದನ್ನು ನೆನೆದರೆ ಅವನಿಗೆ ಮೈಯೆಲ್ಲ ಹಿಡಿಯಾಗುತ್ತದೆ.

ಯುಗಾದಿ ಆದ ವಾರಕ್ಕೆ ಹೊಸ ಕಂಪನಿ ಶುರುವಾಯಿತು. ಕೋಳಿ ಕಂಪನಿ. ಒಂದು ಪಾಯಿಂಟಿಗೆ ಒಂಬತ್ತು ಮೈಲಿ.

ಬೋರಲಿಂಗಯ್ಯ ನಾಲ್ಕು ಸಲ ಲೆಕ್ಕ ಹಾಕಿದ. ಅರವತ್ತು ಸಾವಿರಕ್ಕೆ ಐದು ಲಕ್ಷ ನಲವತ್ತು ಸಾವಿರ ಮೈಲಿ. ಏಳು ಗುಡ್ಡದ ಆಚೆಗೆ ಒಂಬತ್ತು ಸಲ ಹೋಗಬಹುದು. ಕೋಳಿಯನ್ನು ಒಂದೇ ಮಾತು ಕೇಳಿದ. "ಕೊಟ್ಟಮೇಲೆ ವಾಪಸ್ ತಗೋಬಹುದಾ?"

"ಕೊಟ್ಟಿದ್ದು ಕೊಟ್ಟ ಹಾಗೆ" ಅಂತು ಕೋಳಿ. ಎಷ್ಟು ದೂರ ಹಾರುತ್ತೀರಿ ಅಂತ ಅವನು ಕೇಳಲಿಲ್ಲ. ಮೈಲಿ ಇದ್ದಮೇಲೆ ಹಾರಲೇಬೇಕಲ್ಲ.

ಅಷ್ಟೂ ಪಾಯಿಂಟು ಕೋಳಿಗೆ ದಾಟಿಸಿದ. ಬೀದಿಯವರು ಕೇಳಿದಾಗ ಲೆಕ್ಕ ಬಿಡಿಸಿ ಹೇಳಿದ. "ನೀವೂ ಕೊಡಿ. ಕೊಕ್ಕರೆ ಹತ್ತಿರ ಹೋಗಿ ಮೋಸ ಹೋಗಬೇಡಿ" ಅಂದ. ಇಡೀ ಬೀದಿ ಕೋಳಿಗೆ ಕೊಟ್ಟಿತು. ಮಗ್ಗದ ಮನೆಯ ಪುಟ್ಟನಂಜಮ್ಮ ತೀರ್ಥಯಾತ್ರೆಗೆ ಅಂತ ಕೂಡಿಟ್ಟಿದ್ದನ್ನೆಲ್ಲ ಕೊಟ್ಟಳು. ಕೊಡುವ ಮೊದಲು ಬೋರಲಿಂಗಯ್ಯನ ಕೈ ಮುಟ್ಟಿ ಕಣ್ಣಿಗೊತ್ತಿಕೊಂಡಳು.

ಹೊರಡುವ ದಿನ ಬೆಳಿಗ್ಗೆ ಬೀದಿಯೆಲ್ಲ ಅವರ ಹಿತ್ತಿಲಲ್ಲಿ ನೆರೆಯಿತು. ಹೊಂಬಾಳಮ್ಮ ಹೊಸ ಸೀರೆ ಉಟ್ಟು, ಹೋಳಿಗೆ ಗಂಟು ಕಂಕುಳಲ್ಲಿಟ್ಟು ಬಂದಳು. ಎರಡು ಕೋಳಿ ತಿಪ್ಪೆಯ ಮೇಲೆ ನಿಂತಿದ್ದವು. ಗಂಡ ಒಂದರ ಕಾಲು ಹಿಡಿದ, ಹೆಂಡತಿ ಇನ್ನೊಂದರ ಕಾಲು ಹಿಡಿದಳು. ಕೋಳಿಗಳು ರೆಕ್ಕೆ ಬಡಿದವು. ಧೂಳೆದ್ದಿತು. ಜನ ಕೈ ಬೀಸಿದರು.

ತಿಪ್ಪೆಯಿಂದ ಎದ್ದವು. ಹಿತ್ತಿಲ ಗೋಡೆಯ ಮೇಲೆ ಇಳಿದವು.

"ಇಳೀರಿ" ಅಂತು ಕೋಳಿ. "ಬಂತು."

"ಏನು ಬಂತು?" ಅಂದ ಬೋರಲಿಂಗಯ್ಯ.

"ಗೋಡೆ. ನಾವು ಗೋಡೆವರೆಗೇ ಹಾರೋದು. ಇದಕ್ಕೆ ಮುನ್ನೂರು ಮೈಲಿ ಆಯ್ತು. ಮಿಕ್ಕಿದ್ದು ಹಾಗೇ ಇದೆ. ನಾಳೆ ಬನ್ನಿ, ವಾಪಸ್ ತಿಪ್ಪೆಗೆ ಕರಕೊಂಡು ಹೋಗ್ತೀವಿ."

ಕೋಳಿ ಸುಳ್ಳು ಹೇಳಿರಲಿಲ್ಲ. ಅದು ಕೋಳಿ ಅಂತ ಅದರ ಮುಖದ ಮೇಲೇ ಇತ್ತು.

ಹೊಂಬಾಳಮ್ಮ ಗೋಡೆಯ ಮೇಲೆ ಕೂತು ಗಂಡನ ಮುಖ ನೋಡಿದಳು. ಅವನು ತನ್ನ ಬೆರಳು ನೋಡಿಕೊಂಡ. ಅವಳು ಹೋಳಿಗೆ ಗಂಟನ್ನು ಕಂಕುಳಲ್ಲಿ ಬಿಗಿಯಾಗಿ ಇಟ್ಟುಕೊಂಡು ಗೋಡೆಯ ಆ ಕಡೆಗೆ ಇಳಿದಳು. ಸೀರೆ ಕೊಡವಿಕೊಂಡಳು. ಗುಡ್ಡದ ಕಡೆ ನಡೆದಳು. ತಿರುಗಿ ನೋಡಲಿಲ್ಲ.

ಬೋರಲಿಂಗಯ್ಯ ಇಳಿಯಲಿಲ್ಲ. ಹೇಗೆ ಇಳಿಯುತ್ತಾನೆ? ಈ ಕಡೆ ಬೀದಿಯೇ ನಿಂತಿದೆ. ಆ ಕಡೆ ಹೆಂಡತಿ ಹೋಗುತ್ತಿದ್ದಾಳೆ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು. ಯಾರೂ ಬೈಯಲಿಲ್ಲ. ಪುಟ್ಟನಂಜಮ್ಮ ಗೋಡೆ ಹತ್ತಿರ ಬಂದು ತಲೆ ಎತ್ತಿ ನೋಡಿದಳು.

"ಬೋರಲಿಂಗಯ್ಯ, ಇದರಲ್ಲಿ ಏನೋ ಲೆಕ್ಕ ಇರಬೇಕು, ಅಲ್ವಾ ಕಂದ? ನೀನು ಯೋಚನೆ ಮಾಡದೆ ಮಾಡಿರಲ್ಲ. ನಮಗೆ ತಿಳೀದು, ಅಷ್ಟೇ."

ಅವನು ಗೋಡೆಯ ಮೇಲಿಂದ ಅವಳ ಕಡೆ ಬಗ್ಗಿದ.

"ಲೆಕ್ಕ ಏನೂ ಇಲ್ಲಮ್ಮ" ಅಂದ. "ಒಂಬತ್ತು ಅನ್ನೋದೊಂದೇ ನೋಡಿದೆ. ಕೋಳಿ ನೋಡಲಿಲ್ಲ. ನಿಮಗೂ ನೋಡೋಕೆ ಬಿಡಲಿಲ್ಲ."

ಪುಟ್ಟನಂಜಮ್ಮ "ಹೋಗಲಿ ಬಿಡು" ಅಂದು ಮಗ್ಗಕ್ಕೆ ಹೋದಳು. ಆ 'ಹೋಗಲಿ ಬಿಡು' ಅವನ ಎದೆಯಲ್ಲಿ ಸಿಕ್ಕಿಕೊಂಡಿತು.

ಅವನು ಗೋಡೆಯಿಂದ ಇಳಿದು ಸೀದಾ ಅರಮನೆಗೆ ಹೋದ. ಊಟದ ಹೊತ್ತು. ರಾಜ ಎಲೆ ಮುಂದೆ ಕೂತು ಕಿವಿ ನಿಮಿರಿಸಿಕೊಂಡು ಕಾಯುತ್ತಿದ್ದ.

"ಮಹಾಸ್ವಾಮಿ, ನಮ್ಮ ಬೀದಿಯವರ ಪಾಯಿಂಟು ವಾಪಸ್ ಕೊಡಿಸಬೇಕು. ನನ್ನದು ಬೇಡ. ಅವರದು ಕೊಡಿಸಿ."

"ಪಾಯಿಂಟು ಅಂದರೇನು?" ಅಂದ ರಾಜ.

"ಕಾರ್ಡು ಉಜ್ಜಿದರೆ ತಾವು ಕೊಡ್ತಿದ್ದದ್ದು."

ರಾಜ ಮಂತ್ರಿಯ ಮುಖ ನೋಡಿದ. ಮಂತ್ರಿ ಸಾರಿನ ಮುಖ ನೋಡಿದ.

"ನಾನು ಏನೂ ಕೊಟ್ಟಿಲ್ಲಪ್ಪ" ಅಂದ ರಾಜ. "ನನಗೆ ಬೇಕಿದ್ದದ್ದು ಟುಂಯ್. ನೀವೆಲ್ಲ ಇಷ್ಟು ಉಜ್ಜುತ್ತಿದ್ದದ್ದು ನನ್ನ ಮೇಲಿನ ಪ್ರೀತಿಗೆ ಅಂದ್ಕೊಂಡಿದ್ದೆ." ಅವನ ಮುಖ ಕೆಂಪಗಾಯಿತು. ಅರ್ಧ ಊಟದಲ್ಲೇ ಎದ್ದು ಕೈ ತೊಳೆದುಕೊಂಡ. ರಾಜನಿಗೂ ನಾಚಿಕೆಯಾಯಿತು. ಎದುರುಬದುರು ಇಬ್ಬರು ನಾಚಿಕೆಪಟ್ಟುಕೊಂಡು ನಿಂತರೆ ಮಾತು ಮುಂದುವರಿಯುವುದಿಲ್ಲ. ಬೋರಲಿಂಗಯ್ಯ ಕೈ ಮುಗಿದು ಹೊರಗೆ ಬಂದ.

ಬೀದಿಗೆ ಬಂದು ಮನೆಮನೆ ಹತ್ತಿದ. "ನಿಮ್ಮ ಮನೆಯವರ ಅಂಗಿಗೆಲ್ಲ ಬದುಕಿರೋವರೆಗೂ ನಾನೇ ಕಾಜಾ ಹೊಲೀತೀನಿ, ಏನೂ ಕೊಡಬೇಡಿ" ಅಂದ. ಪುಟ್ಟನಂಜಮ್ಮನ ಮನೆಯಲ್ಲಿ ಅಂಗಿ ತೊಡುವವರೇ ಇರಲಿಲ್ಲ. ಅವಳ ಕಾಲು ಮುಟ್ಟಿ ಕಣ್ಣಿಗೊತ್ತಿಕೊಂಡ. ಆಮೇಲೆ ಗುಡ್ಡದ ದಾರಿ ಹಿಡಿದ.

ಮೊದಲನೇ ಗುಡ್ಡದ ಬುಡದಲ್ಲಿ ಕೂತು ಉಸ್ಸಪ್ಪಾ ಅಂದ. "ನೀನು ಯಾಕಪ್ಪ ಬೆಳೆದೆ?" ಅಂತ ಗುಡ್ಡವನ್ನು ಕೇಳಿದ.

"ನಾನೆಲ್ಲಿ ಬೆಳೆದೆ?" ಅಂತು ಗುಡ್ಡ. "ನಿಮ್ಮ ತಾತ ಹತ್ತಿದಾಗ ಎಷ್ಟಿದ್ದೆನೋ ಅಷ್ಟೇ ಇದೀನಿ. ಮೊನ್ನೆ ಒಬ್ಬ ಹೆಣ್ಣುಮಗಳು ಗಂಟು ಹಿಡಕೊಂಡು ಹತ್ತಿಹೋದಳು. ಅವಳು ಏನೂ ಕೇಳಲಿಲ್ಲ."

ಅವನು ಎದ್ದು ಹತ್ತಿದ. ಒಂದು ಗುಡ್ಡ ಇಳಿದ, ಇನ್ನೊಂದು ಹತ್ತಿದ. ಜೇಬಿನಲ್ಲಿ ಕಾರ್ಡು, "ಉಜ್ಜಣ್ಣ, ಉಜ್ಜು" ಅಂತು. ಉಜ್ಜಲು ಕಲ್ಲು ಬಿಟ್ಟರೆ ಏನೂ ಇರಲಿಲ್ಲ. ನಾಲ್ಕನೇ ಗುಡ್ಡದಲ್ಲಿ ಕಲ್ಲಿಗೇ ಉಜ್ಜಿದ. ಟುಂಯ್ ಅನ್ನಲಿಲ್ಲ. ಕಾರ್ಡು 'ಅಯ್ಯೋ' ಅಂತು, ಅಷ್ಟೇ. ಆಮೇಲೆ ಅದು ಬಾಯಿ ಬಿಡಲಿಲ್ಲ.

ಏಳನೇ ಗುಡ್ಡ ಇಳಿದ ಮೇಲೆ ಅತ್ತಿಗೆಯ ಮನೆ. ಮುಂಜಾನೆ ಬಿಸಿಲು. ಜಗಲಿಯ ಮೇಲೆ ಅಕ್ಕತಂಗಿ ಕೂತು ಹುಣಸೆಹಣ್ಣಿನ ಬೀಜ ತೆಗೆಯುತ್ತಿದ್ದರು. ಸಾಕಮ್ಮ ಹಣ್ಣನ್ನು ನೋಡುತ್ತಿರಲಿಲ್ಲ. ಬೆರಳಲ್ಲೇ ಬೀಜ ಹುಡುಕುತ್ತಿದ್ದಳು. ಬೋರಲಿಂಗಯ್ಯ ಅಂಗಳದಲ್ಲೇ ನಿಂತುಬಿಟ್ಟ.

"ಯಾರು?" ಅಂದಳು ಸಾಕಮ್ಮ, ಬೇರೆ ಕಡೆ ಮುಖ ಮಾಡಿ.

"ಅವರು" ಅಂದಳು ಹೊಂಬಾಳಮ್ಮ. ತಲೆ ಎತ್ತಲಿಲ್ಲ.

"ಬೋರಲಿಂಗಯ್ಯನಾ? ಬಾಪ್ಪ, ಬಾ. ಬಿಸಿಲಲ್ಲಿ ಯಾಕೆ ನಿಂತೆ? ಹ್ಯಾಗೆ ಬಂದೆ?"

"ನಡಕೊಂಡು ಬಂದೆ, ಅತ್ತಿಗೆ."

"ಎಷ್ಟು ದಿನ ಆಯ್ತು?"

"ಹನ್ನೊಂದು ದಿನ."

ಸಾಕಮ್ಮನ ಬೆರಳು ನಿಂತಿತು. "ಹನ್ನೊಂದೇ ದಿನವಾ?" ಅಂದಳು. ಕೊಂಕಿನಿಂದ ಅನ್ನಲಿಲ್ಲ. ಅವಳಿಗೆ ನಿಜವಾಗಿಯೂ ಆಶ್ಚರ್ಯವಾಗಿತ್ತು. "ನಾನು ಎಷ್ಟು ದೂರವೋ ಅಂದ್ಕೊಂಡಿದ್ದೆ. ಸಂಕ್ರಾಂತಿ ಆಗಿ ಎರಡು ದಿನದವರೆಗೂ ನೆರಳುನೆರಳಾಗಿ ಕಾಣ್ತಿತ್ತಪ್ಪ. ಆಮೇಲೆ ಹೋಯ್ತು."

ಬೋರಲಿಂಗಯ್ಯನಿಗೆ ಆ ಸಂಕ್ರಾಂತಿ ನೆನಪಾಯಿತು. ಅವತ್ತು ಅವನು ಕ್ಯಾಲೆಂಡರಿನಲ್ಲಿ ಮೂವತ್ತೆರಡನೇ ತಾರೀಕು ಹುಡುಕುತ್ತಿದ್ದ. ಅವನು ಜಗಲಿಯ ಮೆಟ್ಟಿಲ ಮೇಲೆ ಕೂತ.

"ಒಂದು ಉಪಕಾರ ಮಾಡು" ಅಂದಳು ಸಾಕಮ್ಮ. "ಇವಳ ಮುಖ ಈಗ ಹ್ಯಾಗಿದೆ ಅಂತ ಹೇಳು. ಇವಳನ್ನ ಕೇಳಿದರೆ 'ಹಾಗೇ ಇದೀನಿ' ಅಂತಾಳೆ. ಬೆರಳಿಗೆ ಎಲ್ಲಾ ಗೊತ್ತಾಗಲ್ಲ. ದಿನಾ ನೋಡೋನು ನೀನು, ಹೇಳು."

ಅವನು ತಲೆ ಎತ್ತಿ ಹೆಂಡತಿಯ ಮುಖ ನೋಡಿದ. ಕಿವಿಯ ಹಿಂದೆ ಒಂದು ಬೆರಳಗಲ ಕೂದಲು ಬೆಳ್ಳಗಾಗಿತ್ತು. ಯಾವಾಗ ಆಯಿತೋ ಅವನಿಗೆ ಗೊತ್ತಿರಲಿಲ್ಲ. ಎಡಗೆನ್ನೆಯ ಮೇಲೆ ಸಾಸಿವೆ ಕಾಳಿನಷ್ಟು ಒಂದು ಮಚ್ಚೆ ಇತ್ತು. ಅದು ಹೊಸದೋ, ಮದುವೆಯ ದಿನವೂ ಇತ್ತೋ, ಅದೂ ಗೊತ್ತಿರಲಿಲ್ಲ.

"ಅತ್ತಿಗೆ, ನಾನು ಸರಿಯಾಗಿ ನೋಡಿಲ್ಲ" ಅಂದ. "ಸ್ವಲ್ಪ ಹೊತ್ತು ಕೊಡಿ. ನೋಡಿ ಹೇಳ್ತೀನಿ."

ಹೊಂಬಾಳಮ್ಮ ಮುಖ ತಿರುಗಿಸಲಿಲ್ಲ. ಅವನು ನೋಡುವಷ್ಟು ಹೊತ್ತೂ ಹಾಗೇ ಕೂತಿದ್ದಳು.

ಇದಕ್ಕೆ ನೀತಿ ಏನು ಅಂತ ಕೇಳುತ್ತೀರಿ. ಕೋಳಿ ಕಂಪನಿಯಲ್ಲಿ ಕಿಟಕಿ ಪಕ್ಕದ ಸೀಟು ಕೇಳಬೇಡಿ, ಅಲ್ಲಿ ಕಿಟಕಿ ಇಲ್ಲ. ಇದೇ ನೀತಿ. ಕತೆ ಗೋಡೆಯ ಆ ಕಡೆ ಇಳಿಯಿತು, ನೀವು ಈ ಕಡೆ ಇಳಿದು ನಿಮ್ಮ ನಿಮ್ಮ ಮನೆಗೆ ನಡೀರಿ.