ರಾಜಕುಮಾರಿಯ ಎರಡು ಸಿಟ್ಟು

ಮಣಲೆಪುರದ ಬೀದಿಬೀದಿಗಳಲ್ಲಿ ಡಂಗುರದವನು ಸಾರಿದ: "ಕೇಳಿರಯ್ಯಾ ಕೇಳಿ. ಕಾಮರಸ ಮಹಾರಾಜರ ಏಕಮಾತ್ರ ಪುತ್ರಿ ಹರಿಯಲದೇವಿಯ ಮೂರು ಒಗಟುಗಳನ್ನು ಬಿಡಿಸಿದವನಿಗೆ ಅವಳನ್ನೂ ಅರ್ಧ ರಾಜ್ಯವನ್ನೂ ಧಾರೆಯೆರೆದು ಕೊಡಲಾಗುವುದು. ಒಂದರಲ್ಲಿ ತಪ್ಪಿದರೂ ಶೂಲ. ಕುಲಗೋತ್ರ ಕೇಳುವುದಿಲ್ಲ."

ಶೂಲದ ಮಾತನ್ನು ಸೇರಿಸಿದವಳು ಹರಿಯಲೆಯೇ. ಚೈತ್ರ ಮುಗಿಯುವುದರೊಳಗೆ ಮದುವೆಯಾಗಲೇಬೇಕೆಂದು ತಂದೆ ಹಟ ಹಿಡಿದಾಗ ಅವಳು ಹೇಳಿದ್ದಿಷ್ಟು: "ತಿಳಿಯದವನು ಗಂಡನಾಗಿ ಬಂದರೆ ವರ್ಷದೊಳಗೆ ನನ್ನನ್ನು ಕೊಲ್ಲುತ್ತಾನೆ. ಸಾಯುವ ಸರದಿ ಯಾರದೆಂದು ಮೊದಲೇ ತೀರ್ಮಾನವಾಗಲಿ."

ಎಂಟನೆಯ ವಯಸ್ಸಿನಿಂದ ಅವಳಿಗೆ ಸಿಹಿಮೂತ್ರದ ಬೇನೆ. ದಿನಕ್ಕೆರಡು ಸಲ ರಾಜವೈದ್ಯರ ಸೂಜಿಮದ್ದು ಚುಚ್ಚಿಕೊಳ್ಳದಿದ್ದರೆ ನೆತ್ತರಿನ ಸಕ್ಕರೆ ಏರಿ ಪ್ರಾಣ ಹೋಗುತ್ತದೆ. ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಅದೇ ಸಕ್ಕರೆ ಪಾತಾಳಕ್ಕಿಳಿದು ಪ್ರಜ್ಞೆ ತಪ್ಪುತ್ತದೆ. ಹಾಗೆ ಬಿದ್ದಾಗ ಅರಮನೆಯವರು ಒಮ್ಮೆ ಬೇವಿನ ಬರಲಿನಿಂದ ಹೊಡೆದು ದೆವ್ವ ಬಿಡಿಸಿದ್ದರು. ಇನ್ನೊಮ್ಮೆ ಕುಡಿದಿದ್ದಾಳೆಂದು ಕೋಣೆಗೆ ಬೀಗ ಜಡಿದಿದ್ದರು. ತಾನು ಬದುಕಿದ್ದು ಅವರಿಂದಲ್ಲ, ಅವರು ಹಾಗೆಲ್ಲ ಮಾಡಿಯೂ ಬದುಕಿದೆ ಎಂಬುದನ್ನು ಅವಳು ಮರೆತಿರಲಿಲ್ಲ.

ಮೊದಲು ಬಂದವನು ದಂಡನಾಯಕ ಬಮ್ಮರಸ, ತುಪ್ಪ ಸವರಿದ ಮೀಸೆಯವನು.

"ಕೇಳು," ಎಂದಳು ಹರಿಯಲೆ. "ವೈರಿಯೆಂದು ಎಲ್ಲರೂ ನನ್ನ ಬಳಿ ಸುಳಿಯಗೊಡದವನೊಬ್ಬನಿದ್ದಾನೆ. ಒಂದು ಗಳಿಗೆಯಲ್ಲಿ ಮಾತ್ರ ಅವನಲ್ಲದೆ ನನಗೆ ಬೇರೆ ಬಂಧುವಿಲ್ಲ. ಅವನು ಯಾರು? ಆ ಗಳಿಗೆ ಯಾವುದು?"

"ವಿಷ, ದೇವಿ. ಶತ್ರು ಕೋಟೆ ಹೊಕ್ಕಾಗ ಮಾನವಂತೆಗೆ ವಿಷವೇ ಬಂಧು."

ಸಭೆ ತಲೆದೂಗಿತು. "ಸೆರೆಗೆ ಒಯ್ಯಿರಿ. ಅಮಾವಾಸ್ಯೆಗೆ ಶೂಲ," ಎಂದಳು ಅವಳು.

ರಾಜವೈದ್ಯರು ಬೆಲ್ಲದ ತಟ್ಟೆ ಹಿಡಿದು ಮುಂದೆ ಬಂದರು. "ತಾಯಿ ಸಿಡುಕುತ್ತಿದ್ದಾರೆ. ಸಕ್ಕರೆ ಇಳಿದಿರಬೇಕು. ಒಂದು ಚೂರು ಬಾಯಿಗೆ ಹಾಕಿಕೊಳ್ಳಿ." ಹನ್ನೆರಡು ವರ್ಷಗಳಿಂದ ಅವಳ ಪ್ರತಿಯೊಂದು ಕಟುಮಾತಿಗೂ ದೊರೆತ ಉತ್ತರ ಅದೊಂದೇ. ಅವಳು ತಟ್ಟೆಯತ್ತ ನೋಡಲಿಲ್ಲ.

ಎರಡನೆಯವನು ತ್ರಿಲೋಚನ ಪಂಡಿತ. ಅವನು ಗ್ರಂಥ ಓದಿದವನು, ಮೊದಲ ಒಗಟಿಗೆ "ಸಕ್ಕರೆ. ಮದ್ದು ಮೀರಿ ಮೈ ನಡುಗುವ ಗಳಿಗೆ" ಎಂದು ಥಟ್ಟನೆ ಉತ್ತರಿಸಿದ. ಹರಿಯಲೆ ಎರಡನೆಯದನ್ನು ಕೇಳಿದಳು: "ಹಸಿದ ಮನೆಯೊಂದಕ್ಕೆ ನೀನು ಸಿಹಿ ತಂದಿದ್ದೀ. ಹೆಬ್ಬಾಗಿಲು ತೆರೆದಿದೆ, ಒಳಗೆ ಕಾವಲುಗಾರ ಮಲಗಿದ್ದಾನೆ. ಸಿಹಿಯನ್ನು ಹೇಗೆ ಮುಟ್ಟಿಸುತ್ತೀ?"

"ತೆರೆದ ಬಾಗಿಲೆಂದರೆ ಬಾಯಿ. ಜೇನುನೀರನ್ನು ಧಾರಾಳವಾಗಿ ಸುರಿಯುತ್ತೇನೆ."

"ಕಾವಲುಗಾರ?"

"ಮಲಗಿದವನು ಅಡ್ಡಿಪಡಿಸಲಾರ. ಅನುಕೂಲವೇ ಆಯಿತು."

ಅವನನ್ನೂ ಸೆರೆಗೆ ಒಯ್ದರು.

ಮೂರನೆಯ ದಿನ ಬಂದವನು ಅರಮನೆಯ ಹಾಸಿಗೆವಸ್ತ್ರ ಒಗೆಯುವ ಮಾಚ. ಮಂತ್ರಿ ನಕ್ಕ. "ಕತ್ತೆಯನ್ನು ಎಲ್ಲಿ ಬಿಟ್ಟು ಬಂದೆಯೋ?"

"ಹೊರಗೆ ಕಟ್ಟಿದ್ದೇನೆ, ಬುದ್ಧಿ. ಒಳಗೆ ಜಾಗ ಕಾಣಲಿಲ್ಲ."

ಹರಿಯಲೆ ನಗಲಿಲ್ಲ, ಆದರೆ ನೆಟ್ಟಗೆ ಕುಳಿತು ಮೊದಲ ಒಗಟನ್ನು ಹೇಳಿದಳು.

"ಬೆಲ್ಲ," ಎಂದ ಮಾಚ. "ಕೆಲವು ಮುಂಜಾನೆ ನಿಮ್ಮ ಹಾಸಿಗೆವಸ್ತ್ರ ತೊಯ್ದು ಬರುತ್ತದೆ. ಅದು ಸೆಖೆಯ ಬೆವರಲ್ಲ. ಬೆವರು, ನಡುಕ, ಮಾತಿನ ತಡವರಿಕೆ ಕಂಡ ಗಳಿಗೆಯಲ್ಲಿ, ಎಚ್ಚರವಿರುವಾಗಲೇ ಬೆಲ್ಲದ ನೀರು ಕುಡಿಸಬೇಕು. ತಿಳಿಯಾದ ಮೇಲೆ ಅನ್ನ."

ಹರಿಯಲೆ ಎರಡನೆಯದನ್ನು ಕೇಳಿದಳು. ಮಂತ್ರಿ ಸೆರೆಮನೆಯತ್ತ ಕಣ್ಣು ಹಾಯಿಸಿದ.

"ಕಾವಲುಗಾರನೆಂದರೆ ನುಂಗುವ ಎಚ್ಚರ, ದೇವಿ. ಅವನು ಮಲಗಿರುವಾಗ ಸುರಿದದ್ದು ಉಸಿರಿನ ದಾರಿ ಹಿಡಿಯುತ್ತದೆ. ನನ್ನ ಅಕ್ಕ ಬೊಮ್ಮಿಗೂ ಇದೇ ಬೇನೆ. ಧರ್ಮಶಾಲೆಯ ಮದ್ದಿನಲ್ಲಿ ಬದುಕಿದ್ದಳು. ಬಿದ್ದ ದಿನ ನಾನೇ ಅವಳ ಬಾಯಿಗೆ ಬೆಲ್ಲದ ನೀರು ಸುರಿದೆ. ಪ್ರೀತಿಯಿಂದಲೇ ಸುರಿದೆ. ಸತ್ತಳು."

"ಈಗಾದರೆ?"

"ಪಕ್ಕಕ್ಕೆ ಹೊರಳಿಸುತ್ತೇನೆ. ಬಾಯಿಗೆ ಏನನ್ನೂ ಹಾಕುವುದಿಲ್ಲ; ಸಕ್ಕರೆ ಇಳಿಸುವ ಮದ್ದನ್ನಂತೂ ಮುಟ್ಟುವುದಿಲ್ಲ. ವೈದ್ಯರ ಕೆಂಪು ಕುಪ್ಪಿಯಲ್ಲಿ ಸಕ್ಕರೆ ಏರಿಸುವ ಇನ್ನೊಂದು ಮದ್ದಿದೆ. ಅದನ್ನು ತೊಡೆಗೆ ಚುಚ್ಚಿ, ವೈದ್ಯರಿಗೆ ಆಳು ಓಡಿಸಿ, ಬಳಿಯಲ್ಲೇ ಕೂರುತ್ತೇನೆ. ಅಂಥ ಕುಪ್ಪಿಯೊಂದು ಇದೆಯೆಂದು ನನಗೆ ತಿಳಿದದ್ದು ಅಕ್ಕ ಹೋದ ಮೇಲೆ. ಇಲ್ಲಿ ಬೀಗದೊಳಗಿತ್ತು."

ಇವನು ಸೋಲಬಾರದೆಂದು ಹರಿಯಲೆಗೆ ಅನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳ ದನಿ ಇನ್ನಷ್ಟು ಗಡುಸಾಯಿತು.

"ನನಗೆ ಎರಡು ಸಿಟ್ಟುಗಳಿವೆ. ಮುಖ ಒಂದೇ, ಬೈಗುಳವೂ ಒಂದೇ. ಒಂದು ಬೆಲ್ಲಕ್ಕೆ ಕರಗುತ್ತದೆ, ಇನ್ನೊಂದು ಕರಗದು. ಯಾವುದು ಯಾವುದೆಂದು ಹೇಗೆ ತಿಳಿಯುತ್ತೀ?"

"ಬೆವರು, ನಡುಕ ಕಂಡರೆ ತಿಳಿಯುತ್ತದೆ. ಅನುಮಾನವಿದ್ದರೆ ತಿಳಿಯಲು ಕಾಯುವುದಿಲ್ಲ. ಬಯ್ಯಿಸಿಕೊಂಡೇ ಬೆಲ್ಲ ಕೊಡುತ್ತೇನೆ. ಆದರೆ ಕೊಟ್ಟು ಎದ್ದು ಹೋಗುವುದಿಲ್ಲ. ಅರ್ಧ ಗಳಿಗೆ ಕಳೆದ ಮೇಲೆ, 'ಈಗ ಹೇಳಿ, ಏನಾಗಿತ್ತು?' ಎಂದು ಕೇಳುತ್ತೇನೆ. ಆಗಲೂ ಸಿಟ್ಟು ಉಳಿದಿದ್ದರೆ ಅದು ನಿಮ್ಮದು. ಅದಕ್ಕೆ ಮದ್ದಿಲ್ಲ, ಉತ್ತರ ಕೊಡಬೇಕು."

"ಬಿಡಿಸಿದ," ಎಂದಳು ಹರಿಯಲೆ.

"ನನಗೂ ಒಂದು ಸಿಟ್ಟಿದೆ," ಎಂದ ಮಾಚ. "ಯಾರೂ ಹೇಳಿಕೊಡದ್ದನ್ನು ತಿಳಿಯದಿದ್ದುದಕ್ಕೆ ಇಬ್ಬರಿಗೆ ಶೂಲ ವಿಧಿಸಿದ್ದೀರಿ. ಅದು ಅಪರಾಧವಾದರೆ ಮೊದಲು ಏರಬೇಕಾದವನು ನಾನು."

ಅಂದೇ ಅವಳ ಅಪ್ಪಣೆಯಾಯಿತು: ಬೀದಿಗೊಂದು ಚಾವಡಿಯಲ್ಲಿ ಕೆಂಪು ಕುಪ್ಪಿ ಬೀಗವಿಲ್ಲದೆ ಇರತಕ್ಕದ್ದು, ಸೆರೆಯಾಳುಗಳು ಮೂರು ಉತ್ತರಗಳನ್ನು ತಪ್ಪಿಲ್ಲದೆ ಒಪ್ಪಿಸಿದರೆ ಬಿಡುಗಡೆ. ಪಂಡಿತ ಸಂಜೆಯೊಳಗೆ ಮನೆ ಸೇರಿದ. ದಂಡನಾಯಕನಿಗೆ ಪಾಠ ಬಾಯಿಗೆ ಬರಲು ಒಂಬತ್ತು ದಿನ ಹಿಡಿಯಿತು.

ಮದುವೆಯ ದಿನ ಹರಿಯಲೆ ಬೆಳಗಿನ ಮದ್ದು ಚುಚ್ಚಿಕೊಂಡು ಹಸೆಗೆ ಬಂದಳು. ಧಾರೆಯಾಗುವ ತನಕ ವಧು ಉಪವಾಸವಿರಬೇಕೆಂದರು ಪುರೋಹಿತರು. ಮಾಚ ಬಾಸಿಂಗವನ್ನು ಸರಿಸಿ ಕೇಳಿದ: "ಇನ್ನೆಷ್ಟು ಹೊತ್ತು?"

"ನಾಲ್ಕು ಗಳಿಗೆ."

"ಹಾಗಾದರೆ ಮೊದಲು ಇವರ ಊಟ."

"ಮುಹೂರ್ತ ಮೀರುತ್ತದಪ್ಪಾ."

"ಮೀರಲಿ, ಸ್ವಾಮಿ. ಇನ್ನೊಂದು ನೋಡಿ."

ಪುರೋಹಿತರು ಪಂಚಾಂಗ ಬಿಚ್ಚುವಷ್ಟರಲ್ಲಿ ಹರಿಯಲೆ ಎಲೆಯ ಮುಂದೆ ಕುಳಿತಾಗಿತ್ತು. ರಾಜರು, ಮಂತ್ರಿಗಳು, ಮೇಳದವರು, ಸಕಲ ಮಣಲೆಪುರವೂ ಕೈಕಟ್ಟಿ ನಿಂತು ಕಾಯುತ್ತಿರಲು, ಅವಳು ಪಾಯಸವೊಂದನ್ನು ಬಿಟ್ಟು ಉಳಿದುದೆಲ್ಲವನ್ನೂ ನಿಧಾನವಾಗಿ ಉಂಡಳು.