ದೊರೆಸಾನಿಗೆ ಕೊಟ್ಟ ಅರ್ಧ ಮಾತು

"ಬಿಳಿ ಕಲೆಕ್ಟರನ ಇಂಗ್ಲಿಷು ತಿದ್ದಿದವ ನಾನು," ಅಂದರು ಚೆನ್ನವೀರಜ್ಜ. "ಕಲೆಕ್ಟರ ಸತ್ತ. ಅವನ ಕುದುರಿ ಸತ್ತಿತು. ನಾವಿಬ್ಬರೂ ಕೂತಿದ್ದ ಬೇವಿನ ಮರಾನೂ ಹೊಳಿ ಪಾಲಾತು. ಬೇಕಾದರ ಹೊಳೀನ ಕೇಳು."

ಗೂಳಪ್ಪ ಹೊಳೆಯನ್ನು ಕೇಳಲಿಲ್ಲ. ಆ ದಂಡೆಯ ಆಶ್ರಮದಲ್ಲಿ ಇಂಗ್ಲಿಷು ಕಲಿಸುತ್ತೇನೆ ಅನ್ನುವವರು ಬೇರೆ ಯಾರೂ ಇರಲಿಲ್ಲ. ಅಜ್ಜನ ಕಾಲಿಗೆ ಬಿದ್ದ.

ಅವನಿಗೆ ಅವಸರವಿತ್ತು. ಆಶ್ರಮ ನೋಡಲು ಪರದೇಶದ ದೊರೆಸಾನಿಯೊಬ್ಬಳು ಬರುವವಳಿದ್ದಳು. ಪಾರುಪತ್ಯದ ಶೇಷಗಿರಿಯಪ್ಪ ಖಡಾಖಂಡಿತ ಹೇಳಿದ್ದರು: ಆಕೆಯನ್ನು ಸರಿಯಾಗಿ ನೋಡಿಕೊಂಡರೆ ಅತಿಥಿಗಳ ಕೋಣೆಯ ಕೆಲಸ ಗೂಳಪ್ಪನಿಗೆ. ಇಲ್ಲವಾದರೆ ಬಿಟ್ಟುಬಂದ ಕಲ್ಲು ಒಡೆಯುವ ಕಣಿಗೇ ವಾಪಸ್ಸು. ಆ ಕಣಿಯ ದೂಳು ಕುಡಿದು ಅವನ ಅಣ್ಣ ಇನ್ನೂ ಕೆಮ್ಮುತ್ತಿದ್ದ.

ಅಜ್ಜ ಕಲಿಸಿದರು. ನೀರು ಕುಡಿದು "ವಾಟರ್" ಅಂದರು. ಕೂತು "ಸಿಟ್" ಅಂದರು. ದೂರ ನಡೆದು "ಗೋ" ಅಂದರು, ತಿರುಗಿ ಬಂದು "ಕಮ್" ಅಂದರು. ಬೆಳಿಗ್ಗೆಗೆ "ಗುಡ್ ಮಾರ್ನಿಂಗ್", ಉಪಕಾರಕ್ಕೆ "ಥ್ಯಾಂಕ್ಯೂ".

"ಇಷ್ಟರಾಗ ಮುಗೀತೇನ್ರಿ ಅಜ್ಜಾರ?"

"ಇಷ್ಟರಾಗ ನಾ ಲಂಡನ್ನಿನ ಹಡಗ ತಿರುಗಿಸೀನಿ. ನಿನಗ ಒಬ್ಬಾಕಿ ದೊರೆಸಾನಿ ಭಾರಾದಳೇನು?"

ದೊರೆಸಾನಿ ಬಂದಳು. ಗೂಳಪ್ಪ "ಸಿಟ್" ಅಂದ, ಕೂತಳು. "ವಾಟರ್" ಅಂದ, ಕುಡಿದಳು. ಊಟವಾದ ಮೇಲೆ ಆಕೆಯನ್ನು ಹೊಳೆಯ ಮೆಟ್ಟಿಲ ಮೇಲೆ ಕೂರಿಸಿದ. ಅಲ್ಲಿಗೆ ಅವನ ಕೆಲಸ ಮುಗಿಯಿತು. ಸಂಜೆ ಬಸ್ಸು ಹತ್ತಿಸಲು ಶೇಷಗಿರಿಯಪ್ಪ ಇದ್ದರು.

ಇನ್ನು ಏನು ಹೇಳಿ ಹೊರಡುವುದು? ಬರೀ "ಗೋ" ಅನ್ನಲು ನಾಲಿಗೆ ಏಳಲಿಲ್ಲ. ಬರೀ ಹೋಗುತ್ತೇನೆ ಅನ್ನುವುದು ಕೆಟ್ಟ ಮಾತು ಅಂತ ಅವನವ್ವ ಚಿಕ್ಕಂದಿನಲ್ಲೇ ಬಾಯಿಗೆ ಹೊಡೆದು ಕಲಿಸಿದ್ದಳು. ಮನೆಯಲ್ಲಿ ಹೋಗಿ ಬರ್ತೀನಿ ಅಂದ ಹಾಗೇ ಅಂದ:

"ಐ ಗೋ, ಕಮ್."

ಆಕೆ ತಲೆಯಾಡಿಸಿದಳು.

ಸಂಜೆ ಬಸ್ಸು ಬಂತು. ದಿನಕ್ಕೆ ಅದೊಂದೇ. ಶೇಷಗಿರಿಯಪ್ಪ ಕರೆದರೆ ದೊರೆಸಾನಿ ಏಳಲಿಲ್ಲ. ಗೂಳಪ್ಪ ಹೋದ ದಾರಿ ತೋರಿಸಿ, ಅಲ್ಲೇ ಕೂತಳು. ಬಸ್ಸು ಹೋಯಿತು.

"ಎಲ್ಲಿ ಆ ಗೂಳ್ಯಾ? ನಾಳೆನ ಕಲ್ಲು ಒಡಿಯಾಕ ಅಟ್ಟತೀನಿ!" ಶೇಷಗಿರಿಯಪ್ಪನ ಕೂಗಿಗೆ ಆಚೆ ದಂಡೆಯ ಕೊಕ್ಕರೆಗಳೆಲ್ಲ ಎದ್ದು ಮೂರು ಊರು ದಾಟಿ ಇಳಿದವಂತೆ.

ಗೂಳಪ್ಪ ಅಜ್ಜನ ಗುಡಿಸಲ ಹಿಂದೆ ಅಡಗಿದ್ದ.

"ಕೆಟ್ಟೆ ಅಜ್ಜಾರ. ಹೊರಡೋ ಮಾತೊಂದು ನೀವು ಕಲಿಸಲೇ ಇಲ್ಲ! ಈಗರ ಹೇಳ್ರಿ."

"ಆಕಿ ಎಲ್ಲದಾಳ?"

"ಮೆಟ್ಟಿಲ ಮ್ಯಾಲ."

"ಏನು ಹೇಳಿ ಬಂದಿ?"

"ಹೋಗಿ ಬರ್ತೀನಿ ಅಂದೆ. ಎಲ್ಲಾರೂ ಅಂತಾರ! ಅಷ್ಟಕ್ಕ ಯಾರರ ಕಾಯ್ತಾರೇನ್ರಿ?"

"ಒಬ್ಬಾಕಿ ಕಾಯಾಕತ್ಯಾಳಲ್ಲ." ಅಜ್ಜ ಮಂಡಕ್ಕಿಯ ಬುಟ್ಟಿ ತಂದು ಅವನ ಕೈಗಿಟ್ಟರು. "ಹೋಗೋದು ಆತು. ಬರೋದು ಬಾಕಿ ಐತಿ. ನಡಿ."

"ಬೈದರ?"

"ಆಕಿ ಬೈಗುಳ ನಿನಗ ತಿಳಿಯೂದಿಲ್ಲ. ಅಂಜಿಕಿ ಯಾಕ?"

ಗೂಳಪ್ಪ ಹೋದ. ದೊರೆಸಾನಿ ಅವನನ್ನು ಕಂಡು ನಕ್ಕು, ಪಕ್ಕದ ಕಲ್ಲು ತಟ್ಟಿದಳು. "ಸಿಟ್."

ಕೂತ. ಬುಟ್ಟಿ ನಡುವೆ ಇಟ್ಟ. ಆಕೆ ಒಂದು ಮುಷ್ಟಿ ತೆಗೆದು ಹುಬ್ಬೇರಿಸಿದಳು.

"ಮಂಡಕ್ಕಿ," ಅಂದ.

"ಮನ್‌ಡಾಕಿ," ಅಂದಳು.

ಅವನು ತೇಲುವ ದೋಣಿ ತೋರಿಸಿದ. "ಬೋಟ್," ಅಂದಳು. ಅವನೂ ಅಂದ. ಆಕೆ ಕಪ್ಪೆ ತೋರಿಸಿದಳು, ಅವನು ಹೇಳಿದ. ತೋರಿಸಲು ಏನೂ ಕಾಣದ ಹಾಗಾದ ಮೇಲೆ ಇಬ್ಬರೂ ಎದ್ದರು.

ಮರುದಿನ ಆಕೆ ಬಸ್ಸಿನ ಕಿಟಕಿಯಿಂದ ಕೈ ಎತ್ತಿದಳು. "ಬೈ!"

ಗೂಳಪ್ಪನೂ ಕೈ ಎತ್ತಿದ. "ಬೈ!"

ಶೇಷಗಿರಿಯಪ್ಪ ಅವನ ಮುಖ ನೋಡದೆ ಅತಿಥಿ ಕೋಣೆಯ ಬೀಗದ ಕೈ ಅವನ ಅಂಗೈಗೆ ಹಾಕಿದರು. "ಗೆಳತ್ಯಾರನ್ನ ಕಳಸ್ತಾಳಂತ. ಕೋಣಿ ಗುಡಿಸಿಡು."

ಗೂಳಪ್ಪ ಒಂದೇ ಓಟಕ್ಕೆ ಗುಡಿಸಲು ಮುಟ್ಟಿದ.

"ಅಜ್ಜಾರ! ಹೊರಡೋ ಮಾತು 'ಬೈ' ಅಂತ್ರಿ. ಇಷ್ಟ ಸಣ್ಣದು! ನಿಮಗ ಇದು ಗೊತ್ತ ಇರಲಿಲ್ಲ, ಹೌದಿಲ್ಲೋ?"

ಅಜ್ಜ ಹೆಗಲು ಕುಣಿಸಿದರು.

"ನನ್ನ ಹತ್ರ ಕೂತವರು ಯಾರೂ ಎದ್ದು ಹೋಗಲಿಲ್ಲೋ. ಅದನ್ನ ಯಾರ ಬಾಯಿಂದ ಕಲೀಲಿ?"